ಹಳೆಯ ಕಮ್ಯುನಿಸ್ಟ್ ಆಳುವ ಪಕ್ಷ ಪ್ರಜಾಪ್ರಭುತ್ವಕ್ಕೆ ಒಗ್ಗಿದೆಯೇ ಎಂದು ಪರಿಶೀಲಿಸುವ ಬಗೆ

ಏಕಪಕ್ಷಾಡಳಿತ ಕುಸಿದ ಬಳಿಕ ಕಮ್ಯುನಿಸ್ಟ್ ಪಕ್ಷವೊಂದು ನಿಜಕ್ಕೂ ಬದಲಾಯಿತೇ ಎಂದು ತಿಳಿಯಬಯಸುವವರು ಮೊದಲು ಅದರ ಹೊಸ ಹೆಸರನ್ನು ಬದಿಗಿಟ್ಟು, ಚುಕ್ಕಾಣಿ ಯಾರ ಕೈಗೆ ಬಂತೆಂಬುದನ್ನು ಗಮನಿಸಬೇಕು. ಅಧ್ಯಯನವನ್ನು ಪೋಲೆಂಡಿನಿಂದ ಆರಂಭಿಸುವುದು ಸೂಕ್ತ. ಅಲ್ಲಿ ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷವಾದ ಸಂಯುಕ್ತ ಕಾರ್ಮಿಕ ಪಕ್ಷವು 1990ರ ಜನವರಿಯಲ್ಲಿ ವಾರ್ಸಾದಲ್ಲಿ ಕೊನೆಯ ಅಧಿವೇಶನ ನಡೆಸಿ, ತನ್ನ ಧ್ವಜವನ್ನು ಸಭಾಂಗಣದಿಂದ ಹೊರಗೆ ಒಯ್ಯಿಸಿ, ತಾನೇ ವಿಸರ್ಜನೆಗೊಂಡಿತು. ಅದರ ಬೆನ್ನಿಗೇ ಹುಟ್ಟಿದ ಪಕ್ಷದ ನಾಯಕತ್ವ ದೊರೆತದ್ದು 35 ವರ್ಷದ ಅಲೆಕ್ಸಾಂಡರ್ ಕ್ವಾಸ್ನ್ಯೆವ್ಸ್ಕಿಗೆ. ಹಿಂದಿನ ವರ್ಷದ ದುಂಡುಮೇಜಿನ ಮಾತುಕತೆಯಲ್ಲಿ, ಸರ್ಕಾರವನ್ನು ಎದುರಿಸಿದ್ದ ಕಾರ್ಮಿಕ ಸಂಘಟನೆ ಸಾಲಿಡಾರಿಟಿಯವರ ಎದುರು ಕುಳಿತು ಚೌಕಾಸಿ ಮಾಡಿದ ಅನುಭವ ಅವರಿಗಿತ್ತು.

ಮುಂದೆ ಚುನಾವಣಾ ಅಂಕಿಗಳನ್ನು ಓದಬೇಕು, ಆದರೆ ಸ್ಥಾನಗಳನ್ನೂ ಮತಗಳನ್ನೂ ಬೇರೆಬೇರೆಯಾಗಿ ಬರೆದುಕೊಂಡು. 1993ರಲ್ಲಿ ಕ್ವಾಸ್ನ್ಯೆವ್ಸ್ಕಿಯವರ ಪಕ್ಷ ಮುನ್ನಡೆಸಿದ ಪೋಲೆಂಡಿನ ಎಡ ಒಕ್ಕೂಟ ಸುಮಾರು ಶೇ 20 ಮತ ಪಡೆದು 460ರಲ್ಲಿ 171 ಸ್ಥಾನ ಗೆದ್ದಿತು. ಇದನ್ನು ಜನ ಹಳೆಯ ವ್ಯವಸ್ಥೆಗೆ ಹಾತೊರೆದರೆಂದು ಓದುವುದು ತಪ್ಪು: ಚೂರುಚೂರಾಗಿದ್ದ ಬಲಪಂಥೀಯ ಪಕ್ಷಗಳು ಶೇ 5ರ ಕನಿಷ್ಠ ಮತದ ಮಿತಿ ದಾಟಲಾಗದೆ, ಒಟ್ಟು ಮತಗಳಲ್ಲಿ ಮೂರನೇ ಒಂದರಷ್ಟು ವ್ಯರ್ಥವಾದವು. (ಮತಕ್ಕೂ ಸ್ಥಾನಕ್ಕೂ ತಾಳೆಯಾಗದ ಫಲಿತಾಂಶ ನಮಗೇನೂ ಹೊಸತಲ್ಲ.)

ಮೂರನೆಯದಾಗಿ, ಅಧಿಕಾರ ಸಿಕ್ಕಾಗ ಪಕ್ಷ ಯಾರನ್ನು ಜೊತೆಗೆ ಸೇರಿಸಿಕೊಂಡಿತು, ಯಾವ ಕಹಿ ನಿರ್ಧಾರ ಕೈಗೊಂಡಿತು ಎಂದು ಕೇಳಿ. ಹಂಗೇರಿಯಲ್ಲಿ ಹಳೆಯ ಕಮ್ಯುನಿಸ್ಟ್ ಪಕ್ಷದ ಉತ್ತರಾಧಿಕಾರಿಗಳಾದ ಸಮಾಜವಾದಿಗಳು 1994ರಲ್ಲಿ 386ರಲ್ಲಿ 209 ಸ್ಥಾನ ಗೆದ್ದು ಸ್ವಂತ ಬಹುಮತ ಹೊಂದಿದ್ದರೂ, ಕಮ್ಯುನಿಸ್ಟ್ ಆಡಳಿತವನ್ನು ವಿರೋಧಿಸಿದ್ದ ಭಿನ್ನಮತೀಯರು ಕಟ್ಟಿದ ಸ್ವತಂತ್ರ ಪ್ರಜಾಪ್ರಭುತ್ವವಾದಿಗಳ ಪಕ್ಷವನ್ನು ಸರ್ಕಾರಕ್ಕೆ ಕರೆದರು. ಪ್ರಧಾನಿಯಾದ ಗ್ಯೂಲಾ ಹೋರ್ನ್ 1989ರ ಜೂನ್‌ನಲ್ಲಿ ವಿದೇಶಾಂಗ ಸಚಿವರಾಗಿ ಆಸ್ಟ್ರಿಯಾ ಗಡಿಯ ತಂತಿಬೇಲಿಯನ್ನು ಕೈಯಾರೆ ಕತ್ತರಿಸಿದ್ದವರು. 1995ರಲ್ಲಿ ಅವರದೇ ಸರ್ಕಾರ ಖರ್ಚು ಕಡಿತದ ಕಠಿಣ ಕ್ರಮ ತಂದಿತು. ಪೋಲೆಂಡಿನಲ್ಲಿ, ಹಳೆಯ ಪಕ್ಷದ ಅತ್ಯುನ್ನತ ಸಮಿತಿಯಾದ ಪಾಲಿಟ್‌ಬ್ಯೂರೊದಲ್ಲಿದ್ದ ಲೆಶೆಕ್ ಮಿಲ್ಲರ್ ಅವರೇ ಪ್ರಧಾನಿಯಾಗಿ 2003ರಲ್ಲಿ ಐರೋಪ್ಯ ಒಕ್ಕೂಟದ ಸೇರ್ಪಡೆ ಒಪ್ಪಂದಕ್ಕೆ ಸಹಿ ಹಾಕಿದರು.

ಹೆಸರು ಬಿಡದ ಪಕ್ಷಗಳನ್ನೂ ಕೈಬಿಡಬಾರದು. ಚೆಕ್ ಕಮ್ಯುನಿಸ್ಟರು 2002ರಲ್ಲಿ ಶೇ 18.5 ಮತ ಪಡೆದರೂ ಯಾರೂ ಅವರನ್ನು ಸಂಪುಟಕ್ಕೆ ಸೇರಿಸಿಕೊಳ್ಳಲಿಲ್ಲ. 2021ರಲ್ಲಿ ಸಂಸತ್ತಿನಿಂದಲೇ ಹೊರಬಿದ್ದರು.

ಕೊನೆಗೆ ಸೋಲಿನ ದಾಖಲೆ ತೆಗೆದು ನೋಡಿ. ನನ್ನ ಮಟ್ಟಿಗೆ ಗೆಲುವಿಗಿಂತ ಇದೇ ನಂಬತಕ್ಕ ಸಾಕ್ಷ್ಯ. 2001ರಲ್ಲಿ ಶೇ 41 ಮತ ಪಡೆದಿದ್ದ ಪೋಲಿಷ್ ಎಡ ಒಕ್ಕೂಟ ಹಗರಣಗಳಿಂದ ನಲುಗಿ 2005ರಲ್ಲಿ ಶೇ 11ಕ್ಕೆ ಇಳಿದಾಗ ತಕರಾರಿಲ್ಲದೆ ಅಧಿಕಾರ ಬಿಟ್ಟುಕೊಟ್ಟಿತು. 2015ರಲ್ಲಿ ಅದು ಸೇರಿದ್ದ ಮೈತ್ರಿಕೂಟ ಶೇ 7.5 ಮತ ಗಳಿಸಿಯೂ, ಮೈತ್ರಿಕೂಟಗಳಿಗೆ ವಿಧಿಸಿದ್ದ ಶೇ 8ರ ಮಿತಿ ದಾಟಲಾಗದೆ ಒಂದು ಸ್ಥಾನವನ್ನೂ ಪಡೆಯಲಿಲ್ಲ.