ನೂರು ದನಗಳ ಡೇರಿಯಲ್ಲಿ ಗೋಬರ್ ಗ್ಯಾಸ್ ಕರೆಂಟ್: ಪ್ಲಾಂಟಿಗೆ ಜಾಗ ನೋಡುವ ಬಗೆ

ಮೊದಲು ಲೆಕ್ಕ. ಕಟ್ಟಿ ಮೇಯಿಸುವ ನೂರು ದನಗಳಿಂದ, ತಲೆಗೆ 10 ಕಿಲೋದಂತೆ, ದಿನಕ್ಕೆ ಒಂದು ಟನ್ ಸಗಣಿ. ಕಿಲೋಗೆ ಸುಮಾರು 40 ಲೀಟರ್ ಗ್ಯಾಸ್ ಹಿಡಿದರೆ 40 ಘನ ಮೀಟರ್ ಆಯಿತು. ಘನ ಮೀಟರಿಗೆ ಒಂದೂವರೆ ಯೂನಿಟ್‌ನಂತೆ 60 ಯೂನಿಟ್ ಕರೆಂಟ್. 10 ಕಿಲೋವ್ಯಾಟ್ ಜನರೇಟರ್ ಆರು ಗಂಟೆ ಓಡಲು ಇಷ್ಟು ಸಾಕು. ಎಲ್ಲರೂ ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ. ಸಗಣಿಗೆ ಸಮ ನೀರು ಕಲಸುವುದರಿಂದ ದಿನಾಲೂ ಹತ್ತಿರಹತ್ತಿರ 2,000 ಲೀಟರ್ ಸ್ಲರಿ (ಸಗಣಿ ನೀರಿನ ತೆಳು ರಾಡಿ) ಹೊರಬರುತ್ತದಲ್ಲ, ಜಾಗ ಯಾವುದೆಂದು ಹೇಳುವುದು ಅದೇ.

ಕೊಟ್ಟಿಗೆ ಮೇಲೆ, ತೋಟ ಕೆಳಗೆ, ನಡುವೆ ಪ್ಲಾಂಟ್ ಕೂರುವ ಇಳಿಜಾರು ಸಿಕ್ಕರೆ ಬೇರೆ ಜಾಗ ಹುಡುಕಬೇಡಿ. ಸಗಣಿಯೂ ಸ್ಲರಿಯೂ ತಾವಾಗಿ ಇಳಿಯುತ್ತವೆ. ಪಂಪೂ ಬೇಡ, ಹೊರುವ ಆಳೂ ಬೇಡ. 40 ದಿನದ ಸಗಣಿ ನೀರು ಹಿಡಿಯಲು 80 ಘನ ಮೀಟರ್ ಡೈಜೆಸ್ಟರ್ (ಸಗಣಿ ಕೊಳೆತು ಗ್ಯಾಸ್ ಹುಟ್ಟುವ ಮುಚ್ಚಿದ ತೊಟ್ಟಿ) ಬೇಕು. ಅದರ ಕೆಳಗಡೆ ಹದಿನೈದು ದಿನದ ಸ್ಲರಿಗೆ 30 ಘನ ಮೀಟರಿನ ಗುಂಡಿ ಎರಡಾದರೂ ಇರಲಿ. ಮಲೆನಾಡು, ಕರಾವಳಿಯಲ್ಲಿ ಇದೂ ಸಾಲದು: ಜಡಿಮಳೆಯಲ್ಲಿ ತೋಟಕ್ಕೆ ಬಿಟ್ಟ ಸ್ಲರಿ ಸೀದಾ ಹಳ್ಳಕ್ಕೆ ಹೋಗುತ್ತದೆ.

ಯಾವುದಕ್ಕೂ ಬಾರದ ತಗ್ಗು ಮೂಲೆಯನ್ನು ಪ್ಲಾಂಟಿಗೆ ಕೊಡುವ ಅಭ್ಯಾಸ ಎಲ್ಲೆಡೆ ಇದೆ. ಅದು ಬೇಡವೇ ಬೇಡ. ಮಳೆನೀರು ಒಳನುಗ್ಗಿದರೆ ಸ್ಲರಿ ತೆಳ್ಳಗಾಗಿ ಗ್ಯಾಸ್ ಇಳಿಯುತ್ತದೆ. ಅಂತರ್ಜಲ ಮೇಲಿದ್ದರೆ, ಡೈಜೆಸ್ಟರ್ ಖಾಲಿ ಮಾಡಿದಾಗ ನೀರು ಕೆಳಗಿನಿಂದ ಒತ್ತಿ ತಳವನ್ನು ಸೀಳುತ್ತದೆ. ಮೂರು ಮೀಟರ್ ಪರೀಕ್ಷಾ ಗುಂಡಿ ತೋಡಿ ನೋಡಿ, ಅದೂ ಮಳೆಗಾಲದಲ್ಲಿ; ಬೇಸಿಗೆಯಲ್ಲಿ ಎಲ್ಲ ಗುಂಡಿಯೂ ಒಣಗಿಯೇ ಇರುತ್ತದೆ. ಎರೆಮಣ್ಣು ಕಂಡರೆ ಅದು ಉಬ್ಬಿ ಕುಗ್ಗಿ ಗೋಡೆ ಬಿರಿಯುತ್ತದೆ, ಆದ್ದರಿಂದ ಸುತ್ತ ಗರಸು ತುಂಬಲು ಅಗಲವಾಗಿಯೇ ತೋಡಬೇಕು.

ಕುಡಿಯುವ ನೀರಿನ ಬಾವಿ ಕನಿಷ್ಠ 15 ಮೀಟರ್ ದೂರವಿರಲಿ. ಬಾವಿ ಇಳಿಜಾರಿನ ಕೆಳಗಿದ್ದು ನೆಲ ಜಂಬಿಟ್ಟಿಗೆಯದಾಗಿದ್ದರೆ ಅಷ್ಟೂ ಸಾಲದು, ಬಿರುಕುಗಳಲ್ಲಿ ನೀರು ದೂರ ಹರಿಯುತ್ತದೆ. ಆಲ, ಅರಳಿ, ಬಿದಿರು ಹತ್ತಿರ ಬೇಡ. ಬೇರು ಗೋಡೆಗೆ ಹೊಗುತ್ತದೆ, ನೆರಳು ಬಿಸಿಲನ್ನು ತಿನ್ನುತ್ತದೆ. ಸ್ಲರಿ 20 ಡಿಗ್ರಿಗಿಂತ ತಣ್ಣಗಾದರೆ ಗ್ಯಾಸ್ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ.

ಜನರೇಟರ್ ಕೋಣೆ ಡೈಜೆಸ್ಟರಿನಿಂದ ಹತ್ತು ಮೀಟರ್ ಆಚೆ ಇರಲಿ, ದನಗಳಿಗೆ ಸದ್ದು ತಾಗದ ಕಡೆ. ಪಂಪ್‌ಸೆಟ್ ದೂರವಿದ್ದರೆ ವೈರ್ ಎಳೆಯಿರಿ, ಗ್ಯಾಸ್ ಪೈಪ್ ಉದ್ದ ಮಾಡಬೇಡಿ: ಒತ್ತಡ ಬೀಳುತ್ತದೆ, ತಗ್ಗಿನಲ್ಲೆಲ್ಲ ನೀರು ಕಟ್ಟುತ್ತದೆ. ಎಂಜಿನ್ ನಿಂತಿರುವ 18 ಗಂಟೆಯ ಗ್ಯಾಸ್ ಹಿಡಿಯಲು 30 ಘನ ಮೀಟರ್ ಬಲೂನಿಗೂ ಜಾಗ ಬಿಡಬೇಕು, ಇಲಿ ಹೆಗ್ಗಣ ಬಾರದಂತೆ.

ಸುಣ್ಣದ ಗೆರೆ ಎಳೆದ ಮೇಲೆ ಸ್ಲರಿ ಸಾಗಿಸುವ ಟ್ಯಾಂಕರ್ ಸಮೇತ ಟ್ರ್ಯಾಕ್ಟರನ್ನು ಒಮ್ಮೆ ತಿರುಗಿಸಿ ನೋಡಿ. ಚಕ್ರ ಡೈಜೆಸ್ಟರಿನ ಗುರುತಿನ ಮೇಲೆ ಹಾಯುವಂತಿದ್ದರೆ ಗೆರೆ ಅಳಿಸಿ, ಜಾಗ ಸರಿಸಿ.