ಸೌದೆ ಒಳಗೆ, ನೀರು ಹೊರಗೆ: ಮಳೆ ಹಿಡಿಯೋ ಮುಂಚೆ ಮಲೆನಾಡಿನ ಮನೆ ರೆಡಿ ಮಾಡ್ಕೊಳ್ಳೋದು ಹೇಗೆ

ನಮ್ಮ ಕಡೆ ಮೃಗಶಿರ ಮಳೆ ಹುಟ್ಟೋದು ಜೂನ್ 7 ಇಲ್ಲ 8ಕ್ಕೆ, ಅದಾಗಿ ಎರಡು ವಾರಕ್ಕೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ ಅಂತ ಒಂದರ ಬೆನ್ನಿಗೆ ಒಂದು, ಆಗಸ್ಟ್ ಅರ್ಧ ಕಳೆಯೋವರೆಗೂ ಬಿಸಿಲು ಅನ್ನೋದು ನೆಂಟರ ಥರ ಬಂದು ಹೋಗತ್ತೆ. ಆಗುಂಬೆಲಿ ವರ್ಷದ ಸರಾಸರಿ ಮಳೆನೇ 7 ಸಾವಿರ ಮಿಲಿಮೀಟರ್ ದಾಟತ್ತೆ, ತೀರ್ಥಹಳ್ಳಿ, ಹೊಸನಗರದ ಘಟ್ಟದ ಅಂಚಿನ ಊರುಗಳಲ್ಲೂ ಕಮ್ಮಿ ಏನಿಲ್ಲ. ಇಂಥ ಜಾಗದಲ್ಲಿ ಮೇ ತಿಂಗಳ ಕೊನೇ ವಾರದಲ್ಲಿ ಟಾರ್ಪಾಲ್ ತರೋಕೆ ಪೇಟೆಗೆ ಓಡಿದ್ರೆ ಅದನ್ನ ತಯಾರಿ ಅನ್ನೋಕಾಗಲ್ಲ. ಮಳೆಗಾಲದ ಕೆಲಸ ಶುರು ಆಗಬೇಕಾದ್ದು ಜನವರಿಲಿ, ಅಡಿಕೆ ಕೊಯ್ಲು ಮುಗೀತಾ ಬಂದ ಹಾಗೆ, ಮತ್ತೆ ಮೊದಲ ಕೆಲಸ ಮನೆ ಮಾಡು (ಚಾವಣಿ) ಅಲ್ಲ, ಚರಂಡಿನೂ ಅಲ್ಲ, ಸೌದೆ. ಯಾಕಂದ್ರೆ ಹಂಚು ಒಡೆದಿದ್ರೆ ಒಂದು ದಿನದಲ್ಲಿ ಬದಲಾಯಿಸಬಹುದು, ಸೌದೆ ಒಣಗಿಸೋದನ್ನ ಒಂದು ದಿನದಲ್ಲಿ ಮಾಡೋಕೆ ಯಾರಿಂದಲೂ ಆಗಲ್ಲ.

ಇದನ್ನ ನಾನು ಕಲಿತಿದ್ದು ಅಮ್ಮನ ಕೆಮ್ಮಿನಿಂದ. ಒಂದು ವರ್ಷ ಅಕೇಶಿಯಾ ಸೌದೆ ತಂದಿದ್ದೇ ಏಪ್ರಿಲ್ ಕೊನೇಲಿ, ಬೇಗ ಒಡೆಸಿ ಕೊಟ್ಟಿಗೆ ಗೋಡೆಗೆ ಒತ್ತಿ ಜೋಡಿಸಿ ನೀಲಿ ಟಾರ್ಪಾಲ್‌ನ ಮೇಲಿಂದ ಕೆಳಗಿನವರೆಗೆ ಸುತ್ತಿ ಹಗ್ಗ ಬಿಗಿದು ಇಟ್ಟಿದ್ದೆ, ಒಂದು ಹನಿ ನೀರೂ ಹೋಗಬಾರದು ಅಂತ. ಜುಲೈಲಿ ಬಿಚ್ಚಿ ನೋಡಿದ್ರೆ ಟಾರ್ಪಾಲಿನ ಒಳಮೈ ತುಂಬ ಬೆವರಿನ ಹಾಗೆ ನೀರಿನ ಹನಿ, ಸೀಳಿನ ಮೇಲೆಲ್ಲ ಬಿಳಿ ಬೂಸ್ಟು, ಕೆಳಗಿನ ಸಾಲಲ್ಲಿ ಸಣ್ಣ ಅಣಬೆ ಎದ್ದಿತ್ತು. ಪಕ್ಕದ ಮನೆ ದೊಡ್ಡಪ್ಪ ಬಂದು ನೋಡಿ "ಹೀಗೆ ಕಟ್ಟಿಟ್ರೆ ಅದರ ಒಳಗಿನ ನೀರು ಹೋಗೋದು ಎಲ್ಲಿಗೆ ಮಾರಾಯ?" ಅಂದ್ರು. ಆ ವರ್ಷ ಪೂರ್ತಿ ಬಚ್ಚಲು ಒಲೆ ಹೊಗೆ ಉಗುಳಿದ್ದೇ ಉಗುಳಿದ್ದು, ಬೆಳಿಗ್ಗೆ ಐದಕ್ಕೆ ಎದ್ದು ಅಮ್ಮ ಊದುಕೊಳವೆಲಿ ಊದಿ ಊದಿ ಕಣ್ಣೆಲ್ಲ ಕೆಂಪು, ಗಣೇಶನ ಹಬ್ಬ ಕಳೆದ್ರೂ ಕೆಮ್ಮು ಹೋಗಿರಲಿಲ್ಲ.

ದೊಡ್ಡಪ್ಪ ಕೇಳಿದ ಆ ಪ್ರಶ್ನೆಲೇ ಎಲ್ಲ ಇದೆ. ಆಗ ತಾನೆ ಕಡಿದ ಹಸಿ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ ಇರತ್ತೆ. ಅಂಥದ್ದನ್ನ ಒಲೆಗೆ ಇಟ್ರೆ ಬೆಂಕಿಯ ಕಾವು ಮೊದಲು ಆ ನೀರನ್ನ ಕುದಿಸಿ ಆವಿ ಮಾಡೋಕೆ ಹೋಗತ್ತೆ, ಹಂಡೆಗೆ ಸಿಗೋದು ಉಳಿದಿದ್ದು. ಕಾವು ಸಾಲದೆ ಮರ ಪೂರ್ತಿ ಉರಿಯಲ್ಲ, ಉರಿಯದೆ ಉಳಿದಿದ್ದೇ ಹೊಗೆ, ಚಿಮಣಿಗೆ ಅಂಟೋ ಮಸಿನೂ ಅದೇ. ನೀರಿನ ಅಂಶ ಐದರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿದ್ರೆ ಆ ಸೌದೆ ಒಲೆಗೆ ಲಾಯಕ್ಕು ಅಂತ ಲೆಕ್ಕ.

ಎಷ್ಟು ಸೌದೆ, ಯಾವ ಸೌದೆ

"ಒಂದು ಲೋಡ್ ಸಾಕಾಗತ್ತಾ" ಅಂತ ಕೇಳೋರು ಜಾಸ್ತಿ, ಆದರೆ ಲೋಡ್ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ. ನಾನು ಮಾಡೋದು ಇಷ್ಟು: ಜನವರಿಲಿ ಚಳಿ ಇರೋವಾಗ ಮೂರು ದಿನ ಒಲೆಗೆ ಹೋಗೋ ಸೌದೆನ ತೂಕ ಹಾಕಿ ದಿನದ ಸರಾಸರಿ ತೆಗೆಯೋದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ, ಅದಕ್ಕೆ ಗುಣಿಸೋದು, ಮೇಲೆ ಕಾಲುಭಾಗ ಸೇರಿಸೋದು. ದಿನಕ್ಕೆ 8 ಕೆಜಿ ಆದ್ರೆ 976 ಕೆಜಿ, ಕಾಲುಭಾಗ ಸೇರಿದ್ರೆ 1,220 ಕೆಜಿ. ಇದು ಒಣ ಸೌದೆ ಲೆಕ್ಕ, ಹಸಿ ತಂದ್ರೆ ಇನ್ನೂ ಜಾಸ್ತಿ ತೂಗಬೇಕು. ಸೋಲಾರ್ ಹೀಟರ್ ಇದೆ ಅಂತ ಸೌದೆ ಕಮ್ಮಿ ಮಾಡಬೇಡಿ, ಮೋಡ ಮುಚ್ಚಿದ ಮೂರು ತಿಂಗಳು ಅದರಿಂದ ಉಗುರುಬೆಚ್ಚಗಿನ ನೀರೂ ಬರಲ್ಲ, ಮತ್ತೆ ಮಳೆಗಾಲದಲ್ಲಿ ಬಚ್ಚಲು ಒಲೆ ಬರೀ ಸ್ನಾನಕ್ಕಲ್ಲ, ಬಟ್ಟೆ ಒಣಗೋದು, ಮಕ್ಕಳು ಶಾಲೆಯಿಂದ ನೆಂದು ಬಂದು ಮೈ ಕಾಯಿಸೋದು ಎಲ್ಲ ಅಲ್ಲೇ.

ಸ್ವಂತ ಜಾಗದ ಮರ ಆದ್ರೂ ಸುಮ್ಮನೆ ಕಡಿಯೋ ಹಾಗಿಲ್ಲ, 1976ರ ಮರ ಸಂರಕ್ಷಣೆ ಕಾಯ್ದೆ ಇದೆ, ಕೆಲವು ಜಾತಿಗೆ ವಿನಾಯ್ತಿ ಇರತ್ತೆ, ಮೊದಲೇ ಅರಣ್ಯ ಇಲಾಖೇಲಿ ಕೇಳ್ಕೊಂಡು ಮುಂದುವರೀಬೇಕು. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡು) ಇರೋರು ಸೊಪ್ಪು, ದರಗು (ಉದುರಿದ ಒಣ ಎಲೆ) ತರಬಹುದು ಅಂತ ಹಸಿ ಮರಕ್ಕೆ ಕೊಡಲಿ ಹಾಕೋದು ತಪ್ಪು, ಬೆಟ್ಟ ಬೋಳಾದ್ರೆ ತೋಟದ ನೀರೂ ಹೋಯ್ತು. ಬಿದ್ದ ಅಡಿಕೆ ಮರ, ತೆಂಗಿನ ಗರಿ, ಸವರಿದ ಕಾಫಿ ಗಿಡ, ಸಿಲ್ವರ್ ಓಕ್ ಕೊಂಬೆ, ಗೊಬ್ಬರದ ಗಿಡದ ಕಾಂಡ, ಇವನ್ನೆಲ್ಲ ಒಟ್ಟು ಮಾಡಿದ್ರೆ ತೋಟ ಇರೋ ಮನೆಗೆ ಅರ್ಧ ವರ್ಷ ನಡೆಯತ್ತೆ. ಕಾಫಿ ಗಿಡದ ಸೌದೆ ಸಣ್ಣಗಿದ್ರೂ ಗಟ್ಟಿ ಕೆಂಡ ಬೀಳತ್ತೆ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಭುಗ್ ಅಂತ ಹತ್ತಿ ಬೇಗ ಮುಗಿಯತ್ತೆ, ಅದು ಒಲೆ ಹೊತ್ತಿಸೋಕೆ, ಹಂಡೆ ಕಾಯಿಸೋಕಲ್ಲ. ಗೇರು ಮರ ಚಟಪಟ ಸಿಡಿಯತ್ತೆ, ಮಕ್ಕಳು ಕೂರೋ ಒಲೆ ಮುಂದೆ ಬೇಡ. ಹೊಳೆಗೇರು ಮಾತ್ರ ಮುಟ್ಟಲೇಬೇಡಿ, ಅದರ ಸೊನೆ ತಾಗಿದ್ರೆ ಮೈಯೆಲ್ಲ ಬೊಕ್ಕೆ ಏಳತ್ತೆ, ಹೊಗೆನೂ ಒಳ್ಳೇದಲ್ಲ.

ಇನ್ನೊಂದು ವಿಷಯ, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ನಾವು ಕಾಡಿಗೆ ಸೌದೆ ದರಗು ಅಂತ ಹೋಗೋ ಡಿಸೆಂಬರ್‌ನಿಂದ ಮೇವರೆಗಿನ ಕಾಲನೇ ಮಂಗನ ಕಾಯಿಲೆ ಕಾಲ. 1957ರಲ್ಲಿ ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗೊತ್ತಾದ ಕಾಯಿಲೆ ಇದು, ಹರಡೋದು ಉಣುಗಿನಿಂದ (ರಕ್ತ ಹೀರೋ ಉಣ್ಣೆ), ಆ ಉಣುಗು ಇರೋದು ದರಗಿನ ಒಳಗೇ. ಹೋಗೋ ಮುಂಚೆ ಆರೋಗ್ಯ ಇಲಾಖೆಯೋರು ಕೊಡೋ ಎಣ್ಣೆ ಕೈಕಾಲಿಗೆ ಹಚ್ಚಿ, ಪೂರ್ತಿ ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ ತುರುಕಿ. ಮನೆಗೆ ಬಂದವರೇ ಜಗಲಿ ಹತ್ತದೆ ಸೀದಾ ಬಚ್ಚಲಿಗೆ ಹೋಗಿ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತು ಬಿದ್ದಿದ್ದು ಕಂಡ್ರೆ ಆ ಜಾಗಕ್ಕೆ ಹೋಗದೆ ಆಶಾ ಕಾರ್ಯಕರ್ತೆಗೆ ಇಲ್ಲ ಆಸ್ಪತ್ರೆಗೆ ಹೇಳಿ. ಕಾಡಿಗೆ ಹೋಗಿ ಬಂದಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಮಾತ್ರೆ ನುಂಗಿ ಮಲಗೋದು ಬೇಡ, ಡಾಕ್ಟ್ರ ಹತ್ರ ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಬೇಕು.

ಒಡೆಯೋದು, ಒಣಗಿಸೋದು, ಒಟ್ಟೋದು

ತುಂಡು ಒಂದೂವರೆ ಅಡಿ ಉದ್ದ ಸಾಕು, ನಿಮ್ಮ ಒಲೆ ಬಾಯಿ ನೋಡ್ಕೊಂಡು ಮೆಷಿನ್‌ನೋರಿಗೆ ಮೊದಲೇ ಅಳತೆ ಕೋಲು ಕೊಡಿ, ಇಲ್ಲಾಂದ್ರೆ ಅವರು ಕೈಗೆ ಬಂದ ಹಾಗೆ ಕೊಯ್ದು ಹೋಗ್ತಾರೆ, ಆಮೇಲೆ ಉದ್ದದ ತುಂಡು ಒಲೆಯಿಂದ ಹೊರಗೆ ಚಾಚಿ ಉರಿಯತ್ತೆ, ರಾತ್ರಿ ಕೆಂಡ ಜಾರಿ ಬೀಳೋದು ಹೀಗೇ. ಕೈ ಮುಷ್ಟಿಗಿಂತ ದಪ್ಪ ಇದ್ರೆ ಸೀಳಲೇಬೇಕು, ತೊಗಟೆ ನೀರನ್ನ ಹೊರಗೆ ಬಿಡಲ್ಲ, ಸೀಳಿದ ಮುಖದಿಂದಲೇ ಅದು ಆರೋದು. ಅಕೇಶಿಯಾ ಹಸಿ ಇದ್ದಾಗ ಚೆನ್ನಾಗಿ ಸೀಳತ್ತೆ, ಗಂಟು ಇರೋದಕ್ಕೆ ಮಾತ್ರ ಬೆಣೆ ಬೇಕು. ಫೆಬ್ರವರಿ ಒಳಗೆ ಒಡೆದು ಮುಗಿಸಿದ್ರೆ ಮೂರು ತಿಂಗಳ ಖಡಕ್ ಬಿಸಿಲು ಸಿಗತ್ತೆ.

ಅಂಗಳದಲ್ಲಿ ರಾಶಿ ಹಾಕಿ ಬಿಡಬೇಡಿ, ರಾಶಿಯ ಹೊಟ್ಟೆಯೊಳಗಿನದ್ದು ಹಾಗೇ ಹಸಿ ಉಳಿಯತ್ತೆ. ಕೆಳಗೆ ಕಲ್ಲು, ಅದರ ಮೇಲೆ ಎರಡು ಹಳೇ ಅಡಿಕೆ ಮರ ಅಡ್ಡ ಹಾಕಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಸಾಲು ಶುರು ಮಾಡಿ, ಒರಲೆ ಹತ್ತೋದೂ ಕಮ್ಮಿ ಆಗತ್ತೆ. ಒಂದು ಸಾಲು ಉದ್ದಕ್ಕೆ, ಮೇಲಿನದ್ದು ಅಡ್ಡಕ್ಕೆ, ಸಂದಿಲಿ ಇಲಿ ಓಡಾಡೋವಷ್ಟು ಜಾಗ ಇರಲಿ. ಏಪ್ರಿಲ್ ಮೇಲಿ ಅಡ್ಡಮಳೆ ಬಂದೇ ಬರತ್ತೆ, ಅದಕ್ಕೆ ಟಾರ್ಪಾಲ್ ತಲೆ ಮೇಲೆ ಮಾತ್ರ, ಟೊಪ್ಪಿ ಹಾಕಿದ ಹಾಗೆ, ನಾಲ್ಕೂ ಪಕ್ಕ ಗಾಳಿಗೆ ಬಿಟ್ಟಿರಬೇಕು.

ಒಣಗಿದೆಯಾ ಅಂತ ನೋಡೋಕೆ ಮೀಟರ್ ಬೇಡ. ಎರಡು ಸೀಳು ತಗೊಂಡು ಒಂದಕ್ಕೊಂದು ಬಡೀರಿ, ಒಣಗಿದ್ರೆ ಟಣ್ ಅಂತ ಗಂಟೆ ಥರ ಸದ್ದು, ಹಸಿ ಇದ್ರೆ ದಪ್ ಅಂತ ಸತ್ತ ಸದ್ದು. ಕೊಯ್ದ ತುದಿಲಿ ನಡುವಿಂದ ಅಂಚಿಗೆ ಸೂರ್ಯನ ಕಿರಣದ ಹಾಗೆ ಬಿರುಕು ಬಿಟ್ಟಿರತ್ತೆ, ತೊಗಟೆ ಉಗುರಿಗೆ ಎದ್ದು ಬರತ್ತೆ. ಮೇ ಮೂರನೇ ವಾರ, ಸತತ ನಾಲ್ಕು ದಿನ ಬಿಸಿಲು ಬಿದ್ದಮೇಲೆ ಮಧ್ಯಾಹ್ನದ ಹೊತ್ತಿಗೆ ಒಳಗೆ ಸಾಗಿಸಿ, ಬೆಳಿಗ್ಗೆ ಇಬ್ಬನಿ ಇರೋವಾಗ ಬೇಡ. ಸೌದೆ ಕೊಟ್ಟಿಗೇಲಿ ಗೋಡೆಯಿಂದ ಒಂದು ಗೇಣು ದೂರ ಇಡಬೇಕು, ಮಳೆಗಾಲದಲ್ಲಿ ಮಣ್ಣಿನ ಗೋಡೆ ನೀರು ಹೀರಿಕೊಂಡು ಸೌದೆಗೂ ಕೊಡತ್ತೆ. ಹಳೇ ವರ್ಷದ್ದು ಮುಂದೆ, ಹೊಸದು ಹಿಂದೆ. ಗರಟೆ, ತೆಂಗಿನ ಸಿಪ್ಪೆ, ಅಡಿಕೆ ಸೋಗೆ, ಸಣ್ಣ ಚಕ್ಕೆ ಇವನ್ನ ಗೊಬ್ಬರದ ಖಾಲಿ ಚೀಲಗಳಲ್ಲಿ ತುಂಬಿ ಅಟ್ಟದ ಮೇಲೆ, ಒಲೆಗೆ ಹತ್ರ ಇಡಿ, ಆಶ್ಲೇಷ ಮಳೇಲಿ ಬೆಂಕಿ ಹೊತ್ತಿಸೋಕೆ ಚಿನ್ನ ಸಿಕ್ಕಿದ ಹಾಗೆ ಆಗತ್ತೆ. ಪ್ಲಾಸ್ಟಿಕ್ ಹಾಕಿ ಬೆಂಕಿ ಹಚ್ಚೋ ಅಭ್ಯಾಸ ಈಗ ಎಲ್ಲ ಮನೇಲೂ ನೋಡ್ತಿದ್ದೀನಿ, ಬಿಡಿ ಅದನ್ನ, ಆ ಹೊಗೆ ಕುಡಿಯೋರು ನಮ್ಮನೆ ಹೆಂಗಸರು ಮಕ್ಕಳೇ.

ಸೌದೆ ತೆಗೆಯೋವಾಗ ಕೈ ಹಾಕೋ ಮುಂಚೆ ಟಾರ್ಚ್ ಬಿಟ್ಟು ಕೋಲಲ್ಲಿ ತಟ್ಟಿ ನೋಡಬೇಕು. ಬೆಚ್ಚಗಿನ ಒಣ ಜಾಗ ನಮಗೆ ಬೇಕಾದ ಹಾಗೆ ಹಾವಿಗೂ ಚೇಳಿಗೂ ಬೇಕು.

ಮಾಡು, ಅಂಗಳ, ದರೆ

ಹಂಚಿನ ಮನೆಗೆ ಮಾಡು ಹತ್ತೋ ಮುಂಚೆ ಒಳಗಿಂದ ನೋಡಿ. ಮಟಮಟ ಮಧ್ಯಾಹ್ನ ಅಟ್ಟ ಹತ್ತಿ ಕಿಟಕಿ ಮುಚ್ಚಿ ಐದು ನಿಮಿಷ ಸುಮ್ಮನೆ ಕೂತ್ರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳತ್ತೆ, ಆಗ ಎಲ್ಲೆಲ್ಲಿ ಬಿಸಿಲಿನ ಕೋಲು ಧೂಳಲ್ಲಿ ನಿಂತಿರತ್ತೋ ಅಲ್ಲೆಲ್ಲ ಹಂಚು ಒಡೆದಿದೆ ಇಲ್ಲ ಜಾರಿದೆ, ಪಕ್ಕದ ರೀಪಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹೊಸ ಹಂಚು ತರೋವಾಗ ಹಳೇ ಹಂಚು ಒಂದನ್ನ ಕೈಲಿ ಹಿಡ್ಕೊಂಡೇ ಹೋಗಿ. ಮಂಗಳೂರಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನೋರು ಶುರು ಮಾಡಿದಮೇಲೆ ಎಷ್ಟೋ ಫ್ಯಾಕ್ಟರಿ ಬಂದವು, ಒಬ್ಬೊಬ್ಬರ ಅಚ್ಚು ಒಂದೊಂದು, ಬೇರೆ ಅಚ್ಚಿಂದು ಕೂರಿಸಿದ್ರೆ ಸಂದಿ ಬಿಟ್ಟು ಅಲ್ಲೇ ಸೋರತ್ತೆ. ಮಾಡಿನ ಮೇಲೆ ಹಂಚಿನ ನಡುವೆ ಕಾಲಿಡಬಾರದು, ಏಣಿ ಮಲಗಿಸಿ ಅದರ ಮೇಲೆ ಓಡಾಡಬೇಕು, ಸೊಂಟಕ್ಕೆ ಹಗ್ಗ ಇರಲೇಬೇಕು. ಎರಡು ಮಾಡು ಕೂಡೋ ದೋಣಿಲಿ ಒಂದು ಹಿಡಿ ಎಲೆ ಉಳಿದ್ರೂ ನೀರು ಮೇಲೆ ಉಕ್ಕಿ ಗೋಡೆಗೆ ಇಳಿಯತ್ತೆ, ಅದನ್ನ ಕೈಯಾರೆ ತೆಗೀರಿ. ಮಂಗಗಳು ಮಳೇಲೂ ಬಿಡಲ್ಲ, ಇಪ್ಪತ್ತು ಹಂಚು ಹೆಚ್ಚಿಗೆ ಇಟ್ಟಿರಿ.

ಎರಚಲು ಹೊಡೆಯೋ ಪಡುವಣ ಗೋಡೆಗೆ ಮೊದಲೆಲ್ಲ ಸೋಗೆ ತಟ್ಟಿ ಕಟ್ಟೋರು, ಈಗ ಹಸಿರು ನೆಟ್ ಇಲ್ಲ ಟಾರ್ಪಾಲ್. ಸೋಗೆ ಸಿಗೋರು ಸೋಗೆನೇ ಕಟ್ಟಿ ಅಂತೀನಿ, ನೀರು ತಡೆಯತ್ತೆ, ಗಾಳಿ ಬಿಡತ್ತೆ, ಗೋಡೆ ಬೂಸ್ಟು ಹಿಡಿಯಲ್ಲ, ಮಳೆಗಾಲ ಮುಗಿದಮೇಲೆ ಗೊಬ್ಬರ ಗುಂಡಿಗೆ. ಅಂಗಳದಲ್ಲಿ ಪಾಚಿ ಕಟ್ಟೋ ದಾರಿಗೆ, ಬಾವಿಗೆ, ಕೊಟ್ಟಿಗೆಗೆ ಹೋಗೋ ಕಡೆ ಅಡಿಕೆ ದಬ್ಬೆ ಹಾಸಿ, ವಯಸ್ಸಾದೋರು ಸೊಂಟ ಮುರ್ಕೊಳ್ಳೋದು ಅಲ್ಲೇ. ಹಳ್ಳ ದಾಟೋ ಕಾಲುಸಂಕ ಇದ್ರೆ ಮೇ ತಿಂಗಳಲ್ಲೇ ಮರ ತಿವಿದು ನೋಡಿ, ಕೈ ಹಿಡಿಯೋಕೆ ಹಗ್ಗನೋ ಬಿದಿರೋ ಕಟ್ಟಿ, ಅದರ ಮೇಲೆ ಶಾಲೆ ಮಕ್ಕಳು ದಾಟೋದು.

ಮನೆ ಹಿಂದೆ ದರೆ (ಗುಡ್ಡ ಕಡಿದಾಗ ಉಳಿಯೋ ಮಣ್ಣಿನ ಗೋಡೆ) ಇದ್ರೆ ಅದೇ ದೊಡ್ಡ ಚಿಂತೆ. 2018ರ ಆಗಸ್ಟ್‌ಲಿ ಕೊಡಗಲ್ಲಿ ಗುಡ್ಡ ಜಾರಿದ್ದು ನೋಡಿದಮೇಲೆ ನಾನಂತೂ ದರೆ ತಲೆ ಮೇಲಿನ ಚರಂಡಿನ ಪ್ರತಿ ವರ್ಷ ತಪ್ಪದೆ ಬಿಡಿಸ್ತೀನಿ, ಮೇಲಿಂದ ಬರೋ ನೀರು ದರೆ ಮುಖಕ್ಕೆ ಇಳಿಯದೆ ಪಕ್ಕಕ್ಕೆ ಹೋಗಬೇಕು. ಜಾಗ ಸಾಲದು ಅಂತ ದರೆನ ನೆಟ್ಟಗೆ ಕಡಿಯಬೇಡಿ, ಇಳಿಜಾರು ಬಿಟ್ಟು ಲಾವಂಚ ನೆಡಿ. ದರೆ ತಲೇಲಿ ಉದ್ದುದ್ದ ಬಿರುಕು, ನೆಟ್ಟಗಿದ್ದ ಮರ ಓರೆ ಆಗೋದು, ತಿಳಿ ಒರತೆ ಇದ್ದಕ್ಕಿದ್ದ ಹಾಗೆ ಕೆಂಪು ನೀರು ಬಿಡೋದು, ಇವು ಕಂಡ್ರೆ ರಾತ್ರಿ ಆಗೋಕೆ ಕಾಯದೆ ಮನೆ ಬಿಟ್ಟು ಹೊರಡಿ, ಜಿಲ್ಲೆಯ ತುರ್ತು ನಂಬರ್ 1077ಕ್ಕೆ ಹೇಳಿ. ಕರೆಂಟ್ ಲೈನಿಗೆ ತಾಗೋ ಕೊಂಬೆ ನೀವು ಕಡಿಯೋಕೆ ಹೋಗಬೇಡಿ, ಮೇ ತಿಂಗಳಲ್ಲೇ 1912ಕ್ಕೆ ಫೋನ್ ಮಾಡಿ ಲೈನ್‌ಮ್ಯಾನ್ ಕರೆಸಿ.

ಒಲೆ

ಕೊನೇದಾಗಿ ಒಲೆ. ಚಿಮಣಿ ಒಳಗಿನ ಇಲ್ಲಣ (ಕಟ್ಟಿದ ಮಸಿ) ಉದುರಿಸಿ, ಒಲೆ ಬಿರುಕಿಗೆ ಮಣ್ಣು ಮೆತ್ತಿ, ಹಂಡೆ ತಳ ನೋಡಿ. ಹೊಸ ಒಲೆ ಹಾಕಿಸೋರು ಭಾರತೀಯ ವಿಜ್ಞಾನ ಸಂಸ್ಥೆಯೋರು ಮಾಡಿದ ಅಸ್ತ್ರ ಒಲೆ ಬಗ್ಗೆ ಯೋಚಿಸಿ, ಹೊಗೆ ಕೊಳವೆಲಿ ಹೋಗತ್ತೆ, ಸೌದೆನೂ ಕಮ್ಮಿ. ಮತ್ತೆ ಎಷ್ಟೇ ಚಳಿ ಇರಲಿ, ಬಾಣಂತಿ ಕೋಣೆನೇ ಆಗಲಿ, ಬಾಗಿಲು ಕಿಟಕಿ ಪೂರ್ತಿ ಮುಚ್ಚಿ ಕೆಂಡದ ಬಾಣಲೆ ಇಟ್ಟು ಮಲಗಬೇಡಿ. ಕೆಂಡದಿಂದ ಬರೋ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ. ಕೋಣೆ ಬೆಚ್ಚಗೆ ಮಾಡಿ, ಮಲಗೋ ಮುಂಚೆ ಕೆಂಡ ಹೊರಗೆ ತಂದಿಡಿ.

ಮಳೆ ನಡುವೆ ಎರಡು ದಿನ ಹೊಳವಾದ್ರೆ ಕೊಟ್ಟಿಗೆ ಬಾಗಿಲು ತೆಗೆದು ಗಾಳಿ ಆಡಿಸಿ, ನಾಳೆಗೆ ಬೇಕಾದ ಒಂದು ತೆಕ್ಕೆ ಸೌದೆನ ಇವತ್ತೇ ತಂದು ಒಲೆ ಪಕ್ಕ ನಿಲ್ಲಿಸಿ, ರಾತ್ರಿ ಕಾವಿಗೆ ಅದು ಇನ್ನೂ ಆರತ್ತೆ. ಅಕ್ಟೋಬರ್‌ಲಿ ಉಳಿದಿದ್ದನ್ನ ಹಿಂದಿನಿಂದ ಮುಂದಕ್ಕೆ ಎಳೆದಿಡಿ, ಮುಂದಿನ ಮೃಗಶಿರಕ್ಕೆ ಮೊದಲು ಒಲೆಗೆ ಹೋಗಬೇಕಾದ್ದು ಅದೇ.