ಲಂಡನ್ನಿನಲ್ಲಿ ಬೋಧನಾಭ್ಯಾಸ: ದಾವಣಗೆರೆಯಿಂದ ಹೊರಡುವವರಿಗೆ

ಬೋಧನಾಭ್ಯಾಸಕ್ಕೆಂದು ಲಂಡನ್ನಿಗೆ ಹೊರಡುವ ಪ್ರಶಿಕ್ಷಣಾರ್ಥಿಗಳು ಶೇಂಗಾ ಚಟ್ನಿಪುಡಿ ಒಯ್ಯಬಹುದು. ಆದರೆ ಭಾರತದಿಂದ ಹಾಲಿನ ಉತ್ಪನ್ನಗಳನ್ನು ತರಲು ಅಲ್ಲಿ ಅನುಮತಿಯಿಲ್ಲದ ಕಾರಣ, ಅಮ್ಮ ಎಷ್ಟೇ ಒತ್ತಾಯಿಸಿದರೂ ದಾವಣಗೆರೆಯ ಬೆಣ್ಣೆಯನ್ನು ಮನೆಯಲ್ಲಿಯೇ ಬಿಡಬೇಕು.

ಪಾಠಯೋಜನೆಯೇ ಸಂಜೆಗಳನ್ನೆಲ್ಲ ನುಂಗುವುದರಿಂದ ತಿರುಗಾಟವನ್ನು ಶನಿವಾರಕ್ಕೆ ಮೀಸಲಿಡಿ. ಪ್ರವೇಶ ಶುಲ್ಕವಿಲ್ಲದ ಬ್ರಿಟಿಷ್ ಮ್ಯೂಸಿಯಂ ಅನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವ ಹಟ ಬೇಡ. ನಾನು ಪ್ರಾಚೀನ ಈಜಿಪ್ಟಿನ ಶಾಸನವಾದ ರೊಸೆಟ್ಟಾ ಶಿಲೆಯ ಮುಂದೆಯೇ ಅರ್ಧ ಗಂಟೆ ನಿಂತು, ಒಂದೇ ಆಜ್ಞೆಯನ್ನು 3 ಲಿಪಿಗಳಲ್ಲಿ ಕೊರೆದಿರುವ ಬಗೆಯನ್ನು ಬರೆದುಕೊಂಡೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ಬ್ರಾಹ್ಮಿಯಲ್ಲಿರುವ ಅಶೋಕನ ಶಾಸನದ ಕೊನೆಯ ಪದವನ್ನು ಲಿಪಿಕಾರ ಚಪಡ ಖರೋಷ್ಠಿ ಎಂಬ ಬೇರೆ ಲಿಪಿಯಲ್ಲಿ ಬರೆದಿರುವುದನ್ನು ಮಕ್ಕಳಿಗೆ ವಿವರಿಸುವಾಗ ಆ ಟಿಪ್ಪಣಿ ಒದಗಿತು.

ಮನೆಗೆ ಕರೆ ಮಾಡುವ ಮುನ್ನ ಗಡಿಯಾರ ನೋಡಿ: ನಮ್ಮ ಸಮಯ ಚಳಿಗಾಲದಲ್ಲಿ 5.30 ಗಂಟೆ, ಬೇಸಿಗೆಯಲ್ಲಿ 4.30 ಗಂಟೆ ಮುಂದಿರುತ್ತದೆ.